ಸ್ಟೆರಾಯ್ಡ್ ಮಾತ್ರೆ ತಗೊಂಡರೆ ಸಂಜೆ ಶುಗರ್ ಏಕೆ ಏರುತ್ತೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ಶ್ರೀನಿವಾಸಪುರದಿಂದ ಕೇಳುತ್ತಿದ್ದೇನೆ. ಉಬ್ಬಸಕ್ಕೆ ಅಂತ ಅಪ್ಪ ಕೆಲವು ವಾರಗಳಿಂದ ಬೆಳಿಗ್ಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಶುಗರ್ 98, ಸಂಜೆ ನೋಡಿದರೆ 240! ಊಟ ಅದೇ ಮುದ್ದೆ, ಸೊಪ್ಪಿನ ಸಾರು. ಮನೆಯಲ್ಲಿ ಎಲ್ಲರೂ ಮಾವಿನಹಣ್ಣನ್ನ ಬೈಯುತ್ತಿದ್ದಾರೆ. ಮಾತ್ರೆಯಲ್ಲೇ ಸಕ್ಕರೆ ಇರುತ್ತಾ?

ಉತ್ತರ: ಇಲ್ಲಪ್ಪ, ಸಕ್ಕರೆ ತಯಾರಾಗುತ್ತಿರುವುದು ಅಪ್ಪನ ಲಿವರ್‌ನಲ್ಲಿ. ಮಾವಿನಹಣ್ಣೂ ಶುಗರ್ ಏರಿಸುತ್ತೆ, ಆದರೆ ಇಲ್ಲಿ ದೊಡ್ಡ ಪಾಲು ಮಾತ್ರೆಯದೇ ಇರಬೇಕು.

ಸ್ಟೆರಾಯ್ಡ್ ಕೊಬ್ಬಿನ ಜಾತಿಯದು. ಹಾಗಾಗಿ ಲಿವರ್ ಜೀವಕೋಶದ ಪೊರೆ ದಾಟಿ ಸೀದಾ ಒಳಗೆ ಹೋಗುತ್ತದೆ. ಇನ್ಸುಲಿನ್‌ಗೆ ಅದು ಆಗಲ್ಲ, ಹೊರಗೇ ನಿಂತು ಕೆಲಸ ಮಾಡಿಸುತ್ತದೆ. ಒಳಗೆ ಗ್ಲೂಕೋಕಾರ್ಟಿಕಾಯ್ಡ್ ರಿಸೆಪ್ಟರ್ ಅನ್ನೋ ಪ್ರೋಟೀನ್ ಇರುತ್ತದೆ, ಸುಮ್ನೆ ಇದ್ದಾಗ ಎಚ್‌ಎಸ್‌ಪಿ 90 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದುಕೊಂಡಿರುತ್ತದೆ. ಸ್ಟೆರಾಯ್ಡ್ ಬಂದು ಕೂತಿತೋ, ರಿಸೆಪ್ಟರ್ ನ್ಯೂಕ್ಲಿಯಸ್‌ಗೆ ಹೋಗಿ ಡಿಎನ್‌ಎಯಲ್ಲಿ ತನಗೆ ಹೊಂದುವ ಜಾಗಕ್ಕೆ ಅಂಟಿಕೊಳ್ಳುತ್ತದೆ. ಕೆಲವು ಜೀನ್‌ಗಳು ಚುರುಕಾಗುತ್ತವೆ, ಕೆಲವು ತಣ್ಣಗಾಗುತ್ತವೆ. ಚುರುಕಾದವುಗಳಲ್ಲಿ ಒಂದು, ಹೊಸ ಗ್ಲೂಕೋಸ್ ತಯಾರಿಸಲು ಬೇಕಾದ ಪೆಪ್‌ಸಿಕೆ ಕಿಣ್ವದ ಜೀನ್. ಮೊದಲು ಎಂಆರ್‌ಎನ್‌ಎ (ಜೀನ್‌ನ ನಕಲು ಪ್ರತಿ), ಆಮೇಲೆ ಕಿಣ್ವ, ಆಮೇಲೆ ಮಾಂಸಖಂಡದಿಂದ ಬಂದ ಅಮೈನೋ ಆಮ್ಲಗಳಿಂದ ಹೊಸ ಗ್ಲೂಕೋಸ್. ಇದೇ ಜೀನ್‌ ಅನ್ನು ಇನ್ಸುಲಿನ್ ತಗ್ಗಿಸಲು ನೋಡುತ್ತೆ, ಸ್ಟೆರಾಯ್ಡ್ ಜಾಸ್ತಿ ಇದ್ದರೆ ಇನ್ಸುಲಿನ್ ಆಟ ನಡೆಯಲ್ಲ. ಜೊತೆಗೆ ಮಾಂಸಖಂಡಗಳೂ ರಕ್ತದಿಂದ ಗ್ಲೂಕೋಸ್ ಕಡಿಮೆ ಎಳೆದುಕೊಳ್ಳುತ್ತವೆ, ಊಟದ ನಂತರ ಇದು ಚೆನ್ನಾಗಿ ಗೊತ್ತಾಗುತ್ತೆ.

ಇಷ್ಟೆಲ್ಲ ಆಗಲು ಗಂಟೆಗಳು ಬೇಕು. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನ, ಸಂಜೆ ತನ್ನ ಆಟ ತೋರಿಸುತ್ತೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಬೆಳಿಗ್ಗೆ ಮಾತ್ರ ಟೆಸ್ಟ್ ಮಾಡಿಸಿ ಸಮಾಧಾನ ಪಡುವವರು ಎಷ್ಟೋ ಜನ.

ಇನ್ನೊಬ್ಬರು: ಮೇಡಂ, ಹಾಗಾದರೆ ಜೀನೇ ಬದಲಾಗುತ್ತಾ? ಮಕ್ಕಳಿಗೂ ಬರುತ್ತಾ?

ಉತ್ತರ: ಇಲ್ಲ, ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಲ್ಲ. ಆ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನೋದಷ್ಟೇ ಬದಲಾಗುವುದು. ಔಷಧಿ ಇಳಿದಂತೆ ರಿಸೆಪ್ಟರ್ ಜಾಗ ಬಿಡುತ್ತದೆ, ಹಳೆಯ ಕಿಣ್ವವೂ ಕರಗುತ್ತದೆ.

ಪ್ರಶ್ನೆ ಕೇಳಿದವರು: ಹಂಗಾದ್ರೆ ಇವತ್ತೇ ಮಾತ್ರೆ ನಿಲ್ಲಿಸಿಬಿಡ್ಲಾ ಡಾಕ್ಟ್ರೇ?

ಉತ್ತರ: ಅಯ್ಯೋ, ಬೇಡ! ವಾರಗಟ್ಟಲೆ ತಗೊಂಡವರಲ್ಲಿ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸೋಲ್ (ದೇಹದ ಸ್ವಂತ ಸ್ಟೆರಾಯ್ಡ್) ಮಾಡುವುದನ್ನೇ ಕಡಿಮೆ ಮಾಡಿರುತ್ತದೆ. ದಿಢೀರ್ ನಿಲ್ಲಿಸಿದರೆ ಬಿಪಿ ಬಿದ್ದು ಜೀವಕ್ಕೇ ಕುತ್ತು ಬರಬಹುದು, ಉಬ್ಬಸ ಕೆರಳುವುದು ಬೇರೆ. ಮಧ್ಯಾಹ್ನ ಊಟದ ಎರಡು ಗಂಟೆ ನಂತರದ್ದು, ಸಂಜೆಯದ್ದು ಬರೆದಿಟ್ಟು, ಮಾತ್ರೆ ಕೊಟ್ಟ ಡಾಕ್ಟರಿಗೆ ನಾಳೆಯೇ ತೋರಿಸಿ. ಡೋಸ್ ಇಳಿಸಬೇಕಾ, ಶುಗರ್‌ಗೆ ಔಷಧಿ ಸೇರಿಸಬೇಕಾ, ಅವರೇ ಹೇಳಲಿ.