ಶಾಸನದ ಚಿತ್ರಗಳನ್ನು ಹೋಲಿಸಿ ನೋಡಲು ಮತ್ತು ಕನ್ನಡದಲ್ಲಿ ಟಿಪ್ಪಣಿ ಬರೆಯಲು ಲಿನಕ್ಸ್‌ನಲ್ಲಿ ಯಾವ ಚಿತ್ರವೀಕ್ಷಕ ಸೂಕ್ತ?

ಕಲ್ಲುಬರಹ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸೊರಬ, ಶಿಕಾರಿಪುರ ತಾಲ್ಲೂಕುಗಳ ಊರುಗಳಲ್ಲಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರಗಳನ್ನು ಹವ್ಯಾಸಕ್ಕಾಗಿ ತೆಗೆದು ಇಟ್ಟುಕೊಳ್ಳುತ್ತ ಬಂದಿದ್ದೇನೆ. ಸವೆದ ಅಕ್ಷರಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲವಾದ್ದರಿಂದ, ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ಹಿಡಿದು ಒಂದೇ ಕಲ್ಲಿನ ಹಲವು ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಹೀಗಾಗಿ ಮೇಲ್ನೋಟಕ್ಕೆ ಒಂದೇ ಎನ್ನಿಸುವ ಚಿತ್ರಗಳು ಸಾವಿರಾರು ಸೇರಿಕೊಂಡಿವೆ.

ನನ್ನಲ್ಲಿರುವುದು 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇದೆ. ಮಿಂಟ್ ಜೊತೆಗೇ ಬರುವ ಎಕ್ಸ್‌ವ್ಯೂವರ್‌ನಲ್ಲಿ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡಲು ಯಾವ ತೊಂದರೆಯೂ ಇಲ್ಲ. ಆದರೆ ಯುದ್ಧದ ಪಟ್ಟಿಕೆಗೂ ಅದರ ಮೇಲಿನ ಅಪ್ಸರೆಯರ ಪಟ್ಟಿಕೆಗೂ ನಡುವೆ ಇರುವ ಬರಹದ ಸಾಲನ್ನು ಎರಡು ಚಿತ್ರಗಳಲ್ಲಿ ಅಕ್ಕಪಕ್ಕ ಹಿಗ್ಗಿಸಿಕೊಂಡು, ಯಾವುದರಲ್ಲಿ ಅಕ್ಷರ ಹೆಚ್ಚು ಸ್ಪಷ್ಟವಾಗಿದೆ ಎಂದು ನಿರ್ಧರಿಸುವುದು ಅದರಲ್ಲಿ ನನಗೆ ಸಾಧ್ಯವಾಗುತ್ತಿಲ್ಲ. ಆಯ್ದ ಚಿತ್ರಕ್ಕೆ ಊರು, ಕಲ್ಲು ಇರುವ ಜಾಗ, ನಾನು ಓದಿಕೊಂಡಷ್ಟು ಪಾಠ ಇವನ್ನು ಕನ್ನಡದಲ್ಲೇ ಬರೆದಿಡಬೇಕು, ಮತ್ತು ಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕಿ ಬೇರೆಯವರಿಗೆ ಕೊಟ್ಟಾಗ ಆ ಬರಹವೂ ಅದರ ಜೊತೆಗೆ ಹೋಗಬೇಕು ಎಂಬುದು ನನ್ನ ಆಸೆ. ಇದಲ್ಲದೆ ಕೆಲವು ಚಿತ್ರಗಳು ಒಂದು ತಂತ್ರಾಂಶದಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಅಡ್ಡಲಾಗಿ ಕಾಣುತ್ತಿವೆ. ಇದಕ್ಕೆ ಕಾರಣವೇನು ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಇಲಿಯಿಲ್ಲದವ ಅವರ ಉತ್ತರ:

ನೀವು ಹೇಳುತ್ತಿರುವ ಕೆಲಸಕ್ಕೆ ನನ್ನ ಆಯ್ಕೆ ಗೀಕಿ. ಜಿಕ್ಯೂವ್ಯೂ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬೆಳೆದದ್ದು ಇದು. ನೋಟ ಹಳೆಯ ಕಾಲದ್ದೇ. ಮೊದಲ ದಿನ ಯಾರಿಗೂ ಇಷ್ಟವಾಗುವುದಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿಯೇ ದೊರೆಯುತ್ತದೆ.

ವ್ಯೂ ಮೆನುವಿನಲ್ಲಿರುವ ಸ್ಪ್ಲಿಟ್ ಆಯ್ಕೆಯಿಂದ ಪರದೆಯನ್ನು ಎರಡು ಅಥವಾ ನಾಲ್ಕು ಭಾಗಗಳಾಗಿ ಮಾಡಿಕೊಂಡು, ಪ್ರತಿ ಭಾಗದಲ್ಲಿಯೂ ಬೇರೆ ಬೇರೆ ಚಿತ್ರ ತೆರೆಯಬಹುದು. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಒಂದು ಚಿತ್ರವನ್ನು ಎಳೆದರೆ ಉಳಿದ ಭಾಗಗಳ ಚಿತ್ರಗಳೂ ಅದೇ ಜಾಗಕ್ಕೆ ಸರಿಯುತ್ತವೆ. ಕನೆಕ್ಟೆಡ್ ಝೂಮ್ ಎಂಬ ಮೆನುವಿನಿಂದ ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಬಹುದು. ನೀವು ಮೂರು ದಿಕ್ಕಿನಿಂದ ಬೆಳಕು ಬಿಟ್ಟು ತೆಗೆದ ಒಂದೇ ಸಾಲನ್ನು ಮೂರು ಚೌಕಗಳಲ್ಲಿ ಇಟ್ಟುಕೊಂಡು ಓದುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗಲಾರದು. ಆದರೆ ಮೂರನ್ನೂ ಒಂದೇ ನಿಲುವಿನಿಂದ, ಸಾಧ್ಯವಿದ್ದರೆ ಟ್ರೈಪಾಡ್ ಇಟ್ಟು ತೆಗೆದಿರಬೇಕು. ಇಲ್ಲದಿದ್ದರೆ ಚಿತ್ರಗಳು ಒಟ್ಟಿಗೆ ಸರಿದರೂ ಸಾಲುಗಳು ಒಂದಕ್ಕೊಂದು ಹೊಂದುವುದಿಲ್ಲ.

ಸ್ಪಷ್ಟತೆಯನ್ನು ನಿರ್ಧರಿಸುವಾಗ ಝಡ್ ಕೀಲಿ ಒತ್ತಿ ಚಿತ್ರವನ್ನು ಮೂಲ ಗಾತ್ರದಲ್ಲಿಯೇ ನೋಡಿ. 4000×3000 ಬಿಂದುಗಳ (ಪಿಕ್ಸೆಲ್‌ಗಳ) ಚಿತ್ರವನ್ನು 1366×768ರ ಪರದೆಯಲ್ಲಿ ಪೂರ್ತಿಯಾಗಿ ಕೂರಿಸಿದರೆ ಅದು ಉದ್ದ, ಎತ್ತರ ಎರಡರಲ್ಲೂ ಸುಮಾರು ಕಾಲು ಭಾಗಕ್ಕೆ ಕುಗ್ಗಿರುತ್ತದೆ. ಎಂದರೆ ಮೂಲದ ಹದಿನಾರು ಬಿಂದುಗಳು ಸೇರಿ ಪರದೆಯ ಒಂದು ಬಿಂದುವಾಗಿರುತ್ತವೆ. ಕೈ ಅಲುಗಿ ಮಸುಕಾದ ಚಿತ್ರವೂ ಆಗ ಚೊಕ್ಕವಾಗಿಯೇ ಕಾಣುತ್ತದೆ. ಎಕ್ಸ್ ಕೀಲಿ ಒತ್ತಿದರೆ ಮತ್ತೆ ಪರದೆಗೆ ಹೊಂದಿಕೊಳ್ಳುತ್ತದೆ.

ನಾಲ್ಕು ಜಿಬಿ ಸಾಲದೇ ಹೋಗಬಹುದೆಂಬ ಚಿಂತೆ ಬೇಡ. ಮೇಲಿನ ಗಾತ್ರದ ಒಂದು ಚಿತ್ರ ಬಿಚ್ಚಿಕೊಂಡಾಗ, ಬಿಂದುವಿಗೆ ಮೂರು ಬೈಟ್‌ನಂತೆ, 36 ಎಂಬಿಯಷ್ಟು ಜಾಗ ಹಿಡಿಯುತ್ತದೆ. ನಾಲ್ಕು ಚೌಕಗಳು ತುಂಬಿದರೂ ನಿಮ್ಮ ಬ್ರೌಸರ್ ತಿನ್ನುವುದಕ್ಕಿಂತ ಕಡಿಮೆಯೇ.

ನಕಲುಗಳನ್ನು ಹುಡುಕುವ ಸೌಲಭ್ಯವೂ ಗೀಕಿಯಲ್ಲಿದೆ, ಆದರೆ ನಿಮ್ಮ ಸಂಗ್ರಹದ ಮಟ್ಟಿಗೆ ಎಚ್ಚರ ಅಗತ್ಯ. ಹೋಲಿಕೆಯ ಆಧಾರದ ಮೇಲೆ ಹುಡುಕಲು ಹೇಳಿದಾಗ ಅದು ಪ್ರತಿ ಚಿತ್ರವನ್ನೂ 32×32 ಚೌಕಗಳ ಸರಾಸರಿ ಬಣ್ಣಕ್ಕೆ ಇಳಿಸಿ ತಾಳೆ ನೋಡುತ್ತದೆ. ಅಷ್ಟು ಒರಟಾದ ಜಾಲರಿಯಲ್ಲಿ ಅಕ್ಷರಗಳೇ ಉಳಿಯುವುದಿಲ್ಲ, ಆದ್ದರಿಂದ ನಿಮಗೆ ಮುಖ್ಯವಾದ ವ್ಯತ್ಯಾಸವೇ ಅದಕ್ಕೆ ಕಾಣದೆ ಹೋಗಬಹುದು. ಚೆಕ್‌ಸಮ್ (ಕಡತದ ಎಲ್ಲ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತಾಳೆಯಾಗುವ ಕಡತಗಳನ್ನು ಮಾತ್ರ ಕಣ್ಣುಮುಚ್ಚಿ ಅಳಿಸಿ.

ಬೈಟೆಣಿಕೆ ಅವರ ಉತ್ತರ:

ಹೋಲಿಕೆಯ ವಿಷಯದಲ್ಲಿ ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಆದರೆ ತಂತ್ರಾಂಶವನ್ನು ಆರಿಸುವ ಮುನ್ನ ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನೀವು ಬರೆದ ಟಿಪ್ಪಣಿಯನ್ನು ಅದು ಎಲ್ಲಿ ಬರೆದಿಡುತ್ತದೆ?

ಶಾಟ್‌ವೆಲ್ ಎಂಬ ಚಿತ್ರಸಂಗ್ರಹದ ತಂತ್ರಾಂಶ ಅದನ್ನು ತನ್ನ ದತ್ತಸಂಚಯದಲ್ಲಿ ಇಟ್ಟುಕೊಳ್ಳುತ್ತದೆ. ಚಿತ್ರದ ಕಡತಕ್ಕೂ ಬರೆಯಬೇಕೆಂದರೆ ಆದ್ಯತೆಗಳಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮಿಂಟ್‌ನಲ್ಲಿರುವ ಪಿಕ್ಸ್ ಎಂಬ ಚಿತ್ರವೀಕ್ಷಕ ಜಿಥಂಬ್ ಎಂಬುದರಿಂದ ಕವಲೊಡೆದದ್ದು; ಅದು ಚಿತ್ರಗಳಿರುವ ಫೋಲ್ಡರ್‌ನೊಳಗೇ ಒಂದು ಅಡಗಿದ ಫೋಲ್ಡರ್ ಮಾಡಿಕೊಂಡು ಅದರಲ್ಲಿ ಟಿಪ್ಪಣಿಗಳನ್ನು ಇಡುತ್ತದೆ, ಮತ್ತು ಕಡತದೊಳಗೂ ಬರೆಯುವ ಆಯ್ಕೆ ಚಾಲೂ ಇಲ್ಲದಿದ್ದರೆ ನೀವು ಚಿತ್ರವನ್ನಷ್ಟೇ ಪೆನ್‌ಡ್ರೈವ್‌ಗೆ ಎಳೆದಾಗ ಬರಹ ಹಿಂದೆಯೇ ಉಳಿಯುತ್ತದೆ. ಗೀಕಿಯಲ್ಲಿಯೂ ಆದ್ಯತೆಗಳ ಮೆಟಾಡೇಟಾ (ಚಿತ್ರದ ಬಗೆಗಿನ ಮಾಹಿತಿ) ಪುಟಕ್ಕೆ ಹೋಗಿ, ಇಂತಹ ಮಾಹಿತಿಯನ್ನು ಬರೆದಿಡುವ ಎಕ್ಸ್‌ಎಂಪಿ ಎಂಬ ಮಾನದಂಡದಂತೆ ಚಿತ್ರದ ಕಡತದಲ್ಲಿಯೇ ಉಳಿಸು ಎಂಬ ಮೊದಲ ಆಯ್ಕೆಗೆ ಗುರುತು ಹಾಕಬೇಕು. ಹಾಕದಿದ್ದರೆ ಎಲ್ಲ ಟಿಪ್ಪಣಿಗಳೂ ನಿಮ್ಮ ಹೋಮ್ ಫೋಲ್ಡರ್‌ನೊಳಗಿನ ಗೀಕಿಯ ಖಾಸಗಿ ಜಾಗಕ್ಕೆ ಹೋಗುತ್ತವೆ. ಬರೆದವರ ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿರುವುದರಿಂದ, ಪಡೆದವರು ಬಂದು ಕೇಳುವವರೆಗೆ ಇದು ಗೊತ್ತೇ ಆಗುವುದಿಲ್ಲ.

ಅದೇ ಪುಟದಲ್ಲಿ, ಐಪಿಟಿಸಿ ಎಂಬ ಹಳೆಯ ಮಾನದಂಡದ ಕ್ಷೇತ್ರಗಳಿಗೂ ಬರೆಯುವ ಇನ್ನೊಂದು ಆಯ್ಕೆ ಇದೆ. ಕನ್ನಡದಲ್ಲಿ ಬರೆಯುವವರು ಅದಕ್ಕೆ ಗುರುತು ಹಾಕದಿರುವುದು ಲೇಸು. ಐಪಿಟಿಸಿಯ ಆ ಹಳೆಯ ಮಾನದಂಡದಲ್ಲಿ ಒಂದು ಕೀವರ್ಡ್‌ಗೆ 64 ಬೈಟ್, ವಿವರಣೆಗೆ 2000 ಬೈಟ್ ಎಂದು ಮಿತಿ ಇದೆ. ಇಂಗ್ಲಿಷಿಗೆ ಅದು ಧಾರಾಳ. ಆದರೆ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ನಾವು ಒಂದೇ ಅಕ್ಷರವೆಂದು ಎಣಿಸುವ ಒತ್ತಕ್ಷರದಲ್ಲಿ ವ್ಯಂಜನ, ಹಲಂತ, ಮತ್ತೊಂದು ವ್ಯಂಜನ, ಸ್ವರಚಿಹ್ನೆ ಎಂದು ನಾಲ್ಕು ಚಿಹ್ನೆಗಳಿರಬಹುದು. ‘ವೀರಗಲ್ಲು’ ಎಂಬ ನಾಲ್ಕಕ್ಷರದ ಪದವೇ ಎಂಟು ಚಿಹ್ನೆಗಳಾಗಿ 24 ಬೈಟ್ ಹಿಡಿಯುತ್ತದೆ. ಎಕ್ಸ್‌ಎಂಪಿಯಲ್ಲಿ ಯೂನಿಕೋಡ್ ಮೊದಲಿನಿಂದಲೂ ಇದೆ. ಇಂತಹ ಬಿಗಿಯಾದ ಮಿತಿಯೂ ಇಲ್ಲ.

ಟಿಪ್ಪಣಿಯ ಬದಲು ಎಲ್ಲವನ್ನೂ ಕಡತದ ಹೆಸರಿನಲ್ಲಿಯೇ ಬರೆಯುವವರೂ ಇದ್ದಾರೆ. ಅಲ್ಲಿಯೂ ಇದೇ ಲೆಕ್ಕ ಅಡ್ಡ ಬರುತ್ತದೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಕ್ಸ್‌ಟ್4 ಕಡತವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿಯಿರುವುದರಿಂದ ಕನ್ನಡಕ್ಕೆ ದೊರೆಯುವುದು ಹೆಚ್ಚೆಂದರೆ 85 ಚಿಹ್ನೆಗಳು, ವಿಸ್ತರಣೆಯೂ ಅದರೊಳಗೇ ಬರಬೇಕು.

ಅಡ್ಡ ಬೀಳುವ ಚಿತ್ರಗಳ ಬಗ್ಗೆ: ಫೋನನ್ನು ನೆಟ್ಟಗೆ ಹಿಡಿದರೂ ಸಂವೇದಕ ಅಡ್ಡಲಾಗಿಯೇ ಚಿತ್ರವನ್ನು ಬರೆದು, ತೋರಿಸುವಾಗ ತಿರುಗಿಸಬೇಕು ಎಂಬ ಸೂಚನೆಯನ್ನು, ಕ್ಯಾಮೆರಾ ಕಡತದಲ್ಲಿ ಬರೆಯುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ, 1ರಿಂದ 8ರವರೆಗಿನ ಒಂದು ಅಂಕಿಯಾಗಿ ಸೇರಿಸುತ್ತದೆ. 6 ಎಂದಿದ್ದರೆ ಬಲಕ್ಕೆ 90 ಡಿಗ್ರಿ ತಿರುಗಿಸಿ ತೋರಿಸಬೇಕು. ಈ ಸೂಚನೆಯನ್ನು ಪಾಲಿಸುವ ತಂತ್ರಾಂಶದಲ್ಲಿ ಚಿತ್ರ ನೆಟ್ಟಗಿರುತ್ತದೆ, ಪಾಲಿಸದ್ದರಲ್ಲಿ ಮಲಗಿರುತ್ತದೆ. ನಿಮ್ಮ ಕೆಲಸದಲ್ಲಿ ಇನ್ನೊಂದು ತೊಡಕು ಇರಬಹುದೆಂದು ನನ್ನ ಊಹೆ. ನೆಲಕ್ಕೆ ಬಿದ್ದ ಕಲ್ಲನ್ನು ಮೇಲಿನಿಂದ ಬಾಗಿ ತೆಗೆಯುವಾಗ ಫೋನ್ ನೆಲಕ್ಕೆ ಸಮಾನಾಂತರವಾಗಿರುತ್ತದೆ, ಆಗ ಗುರುತ್ವದಿಂದ ದಿಕ್ಕನ್ನು ತಿಳಿಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಸೂಚನೆಯೇ ತಪ್ಪಾಗಿ ದಾಖಲಾಗುತ್ತದೆ. ಅಂತಹ ಚಿತ್ರಗಳನ್ನು ಕೈಯಾರೆ ತಿರುಗಿಸುವುದೇ ದಾರಿ. ಬದಲಿಸಿದ ದಿಕ್ಕನ್ನು ಮೆಟಾಡೇಟಾದಲ್ಲಿ ಬರೆಯುವ ಆಯ್ಕೆ ಗೀಕಿಯಲ್ಲಿದೆ. ಆಗ ಬಿಂದುಗಳು ಇದ್ದಂತೆಯೇ ಇದ್ದು ಆ ಒಂದು ಅಂಕಿ ಮಾತ್ರ ಬದಲಾಗುತ್ತದೆ.

ಮೂಲಪ್ರತಿ ಅವರ ಉತ್ತರ:

ಟಿಪ್ಪಣಿಯನ್ನು ಮೂಲ ಕಡತದೊಳಗೇ ಬರೆಯಿರಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೆಟಾಡೇಟಾ ಬರೆದಾಗ ಚಿತ್ರದ ಬಿಂದುಗಳು ಬದಲಾಗುವುದಿಲ್ಲವೆಂಬುದು ನಿಜ, ಆದರೆ ಕಡತ ಬದಲಾಗುತ್ತದೆ. ಅದರ ಚೆಕ್‌ಸಮ್ ಬದಲಾಗುತ್ತದೆ, ಬ್ಯಾಕಪ್ ತಂತ್ರಾಂಶ ಅದನ್ನು ಹೊಸದೆಂದು ತಿಳಿದು ಮತ್ತೆ ನಕಲು ಮಾಡುತ್ತದೆ, ಬರೆಯುವ ನಡುವೆ ವಿದ್ಯುತ್ ಹೋದರೆ ಕಡತವೇ ಕೆಡುವ ಸಾಧ್ಯತೆಯೂ ಇದೆ. ಶಾಸನದ ಪಾಠವೆಂದರೆ ಒಮ್ಮೆ ಬರೆದು ಮುಗಿಸುವಂಥದ್ದಲ್ಲ; ಇಂದು ‘ಗ’ ಎಂದು ಓದಿದ್ದನ್ನು ಮುಂದಿನ ವರ್ಷ ‘ಸ’ ಎಂದು ತಿದ್ದುತ್ತೀರಿ. ಪ್ರತಿ ತಿದ್ದುಪಡಿಗೂ ಮೂಲವನ್ನು ಮುಟ್ಟಬೇಕೇ? ಕಲ್ಲು ಒಡೆದುಹೋದ ಮೇಲೆ, ಅಥವಾ ಯಾರೋ ಅದಕ್ಕೆ ಎಣ್ಣೆ ಕುಂಕುಮ ಬಳಿದ ಮೇಲೆ, ಆ ಚಿತ್ರವೇ ದಾಖಲೆಯಾಗಿ ಉಳಿಯುತ್ತದೆ. ಚಿತ್ರದ ಪಕ್ಕದಲ್ಲಿಯೇ ಅದೇ ಹೆಸರಿನ ಎಕ್ಸ್‌ಎಂಪಿ ಕಡತವೊಂದನ್ನು ಇಡುವ ಸೈಡ್‌ಕಾರ್ ಪದ್ಧತಿ ಇರುವುದು ಇಂತಹ ಅಗತ್ಯಕ್ಕಾಗಿಯೇ.

ಬೈಟೆಣಿಕೆ ಅವರ ಉತ್ತರ:

ನಿಮ್ಮ ವಾದ ತೂಕದ್ದೇ. ಆದರೆ ಮಿಂಚಂಚೆಗೆ ಒಂದೇ ಚಿತ್ರವನ್ನು ಲಗತ್ತಿಸುವವರು ಸೈಡ್‌ಕಾರನ್ನು ಮರೆಯುವುದು ಬಹುತೇಕ ಖಚಿತ, ಮತ್ತು ಬರಹ ಚಿತ್ರದ ಜೊತೆಗೇ ಹೋಗಬೇಕು ಎಂಬುದು ಪ್ರಶ್ನೆ ಕೇಳಿದವರ ಸ್ಪಷ್ಟ ಷರತ್ತು. ಮೂಲಗಳನ್ನು ಓದಲು ಮಾತ್ರ ಅನುಮತಿಯಿರುವ ಒಂದು ಫೋಲ್ಡರ್‌ನಲ್ಲಿ ಬೇರೆಯಾಗಿ ಇಟ್ಟು, ಆಯ್ದ ಚಿತ್ರಗಳ ನಕಲುಗಳಲ್ಲಿ ಮಾತ್ರ ಟಿಪ್ಪಣಿ ಬರೆದು ಹಂಚಿದರೆ ಇಬ್ಬರ ಮಾತೂ ನಡೆಯುತ್ತದೆ. ಜಾಗ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಹಂಚುವಾಗ ಸಂದೇಶ ಕಳಿಸುವ ಆ್ಯಪ್‌ಗಳಲ್ಲಿ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ಸಾಮಾನ್ಯವಾಗಿ ಅವು ಚಿತ್ರವನ್ನು ಕುಗ್ಗಿಸಿ ಮೆಟಾಡೇಟಾವನ್ನು ಕಿತ್ತುಹಾಕುತ್ತವೆ.

ಕಲ್ಲುಬರಹ ಅವರ ಮರುಪ್ರಶ್ನೆ:

ಎಲ್ಲರಿಗೂ ಧನ್ಯವಾದಗಳು. ಗೀಕಿಯನ್ನು ಹಾಕಿಕೊಂಡು, ಮೂಲಗಳನ್ನು ಬೇರೆ ಮಾಡಿ, ನಕಲುಗಳ ಮೇಲೆ ಕೆಲಸ ಆರಂಭಿಸಿದ್ದೇನೆ. ನಾಲ್ಕು ಚೌಕಗಳ ನೋಟದಿಂದ, ಹಿಂದೆ ಓದಲಾಗದೆ ಬಿಟ್ಟಿದ್ದ ಒಂದು ಸಾಲಿನಲ್ಲಿ ಊರಿನ ಹೆಸರು ಸಿಕ್ಕಿತು. ಈಗ ಎರಡು ಸಣ್ಣ ಸಂದೇಹಗಳು ಉಳಿದಿವೆ. ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿರುವ ನಕಲುಗಳಲ್ಲಿ ಬೇಡವಾದವನ್ನು ಫೈಲ್ ಮ್ಯಾನೇಜರ್‌ನಿಂದ ಅಳಿಸಿದರೂ ಡಿಸ್ಕ್‌ನಲ್ಲಿ ಖಾಲಿ ಜಾಗ ಹೆಚ್ಚುತ್ತಿಲ್ಲ. ಮತ್ತು ಫೋಲ್ಡರ್‌ನ ಹೆಸರು ಬದಲಿಸಿದಾಗಲೆಲ್ಲ ಕಿರುಚಿತ್ರಗಳು ಮೊದಲಿನಿಂದ ನಿಧಾನವಾಗಿ ಮೂಡುತ್ತವೆ. ಇವುಗಳಿಗೆ ಪರಿಹಾರವಿದೆಯೇ?

ಇಲಿಯಿಲ್ಲದವ ಅವರ ಉತ್ತರ:

ಹೊರಗಿನ ಡಿಸ್ಕ್‌ನಿಂದ ಕಸದಬುಟ್ಟಿಗೆ ಹಾಕಿದ ಕಡತಗಳು ಆ ಡಿಸ್ಕ್‌ನಲ್ಲಿಯೇ, ಟ್ರ್ಯಾಶ್-1000 ಎಂಬಂತಹ ಹೆಸರಿನ ಅಡಗಿದ ಫೋಲ್ಡರ್‌ನಲ್ಲಿ ಕುಳಿತಿರುತ್ತವೆ. ಕೊನೆಯ ಅಂಕಿ ನಿಮ್ಮ ಬಳಕೆದಾರ ಸಂಖ್ಯೆ. ಡಿಸ್ಕ್ ಜೋಡಿಸಿರುವಾಗಲೇ ಕಸದಬುಟ್ಟಿಯನ್ನು ಖಾಲಿ ಮಾಡಿದರೆ ಜಾಗ ಬಿಡುಗಡೆಯಾಗುತ್ತದೆ. ಆಯ್ಕೆಯ ಕೆಲಸ ಪೂರ್ತಿ ಮುಗಿಯುವವರೆಗೆ ಖಾಲಿ ಮಾಡದಿರುವುದೇ ಒಳ್ಳೆಯದು.

ಇನ್ನು ಕಿರುಚಿತ್ರಗಳು. ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಮಾನದಂಡದಂತೆ ಅವು ಹೋಮ್ ಫೋಲ್ಡರ್‌ನ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದೊಳಗೆ 128, 256 ಬಿಂದುಗಳ ಗಾತ್ರದಲ್ಲಿ ಉಳಿಯುತ್ತವೆ, ಮತ್ತು ಪ್ರತಿಯೊಂದರ ಹೆಸರೂ ಮೂಲ ಕಡತದ ಪೂರ್ಣ ವಿಳಾಸದಿಂದ ಲೆಕ್ಕಹಾಕಿದ ಎಂಡಿ5 ಎಂಬ ಬಗೆಯ ಚೆಕ್‌ಸಮ್ ಆಗಿರುತ್ತದೆ. ಫೋಲ್ಡರ್‌ನ ಹೆಸರು ಬದಲಾದರೆ ವಿಳಾಸ ಬದಲಾಗುತ್ತದೆ, ಹಳೆಯ ಕಿರುಚಿತ್ರ ಯಾರಿಗೂ ಬೇಡವಾಗಿ ಅಲ್ಲಿಯೇ ಬಿದ್ದಿರುತ್ತದೆ, ಹೊಸದು ಹುಟ್ಟಬೇಕಾಗುತ್ತದೆ. ಇದನ್ನು ತಪ್ಪಿಸಲಾಗದು, ಆದ್ದರಿಂದ ತಾಲ್ಲೂಕು, ಊರು, ಕಲ್ಲು ಎಂಬ ಫೋಲ್ಡರ್‌ಗಳ ವಿನ್ಯಾಸವನ್ನು ಮೊದಲೇ ನಿರ್ಧರಿಸಿಕೊಳ್ಳಿ. ಆ ಕ್ಯಾಶ್ ಬಹಳ ಬೆಳೆದಿದ್ದರೆ ಅದರೊಳಗಿನ ಕಿರುಚಿತ್ರಗಳನ್ನು ನಿಶ್ಚಿಂತೆಯಿಂದ ಅಳಿಸಬಹುದು, ಬೇಕಾದವು ತಾವಾಗಿಯೇ ಮತ್ತೆ ಮೂಡುತ್ತವೆ. ಗೀಕಿಯ ಆದ್ಯತೆಗಳಲ್ಲಿ ಬೇರೆ ತಂತ್ರಾಂಶಗಳೊಂದಿಗೆ ಹಂಚಿಕೊಳ್ಳುವ ಮಾದರಿಯ ಕಿರುಚಿತ್ರಗಳನ್ನು ಬಳಸುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿದರೆ ಫೈಲ್ ಮ್ಯಾನೇಜರ್ ಈಗಾಗಲೇ ಮಾಡಿಟ್ಟದ್ದನ್ನೇ ಅದೂ ಬಳಸಿಕೊಳ್ಳುತ್ತದೆ.