ಪ್ಲಾಸ್ಮಾ ಕಟರ್: ಎರಡನೇ ಗೆರೆಯಲ್ಲೇ ಆರ್ಕ್ ನಿಲ್ಲುತ್ತಿದೆ, 40 ಆಂಪಿಯರ್ ಸಾಲದೇ?

ಗಂಗಾವತಿ ವೆಲ್ಡರ್:
ಎಲ್ಲರಿಗೂ ನಮಸ್ಕಾರ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿ ಗ್ರಿಲ್, ಭತ್ತದ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಕೇಜ್ ವೀಲ್ ದುರಸ್ತಿ ಮಾಡುತ್ತೇನೆ. ಹೆಚ್ಚಿನ ಕೆಲಸ 3ರಿಂದ 8 ಮಿ.ಮೀ. ಪ್ಲೇಟಿನದು. ಗ್ರೈಂಡರಿನಲ್ಲಿ ದುಂಡಗೆ ಕತ್ತರಿಸುವುದು ಸಾಕುಸಾಕಾಗಿದೆ. ಕೊಳ್ಳುವ ಮೊದಲು ನೋಡೋಣ ಎಂದು ಗೆಳೆಯನ 40 ಆಂಪಿಯರ್ ಪ್ಲಾಸ್ಮಾ ಯಂತ್ರ ತಂದಿದ್ದೇನೆ, ಅದೇ ಕರೆಂಟಿನ ಆರ್ಕ್ (ಉರಿಯುವ ಕಿಡಿ) ಮತ್ತು ಕಂಪ್ರೆಸರ್ ಗಾಳಿಯಿಂದ ಲೋಹ ಕತ್ತರಿಸುವುದು. 6 ಮಿ.ಮೀ. ಪ್ಲೇಟಿನ ಮೇಲೆ ಮೊದಲ ಗೆರೆ ಚೆನ್ನಾಗಿ ಬರುತ್ತದೆ. ಎರಡನೆಯದು ಅರ್ಧ ದಾಟುವಷ್ಟರಲ್ಲಿ ಆರ್ಕ್ ಚಟಪಟ ಎಂದು ತಡವರಿಸಿ ನಿಲ್ಲುತ್ತದೆ. ಟಾರ್ಚಿನ (ಕೈಯಲ್ಲಿ ಹಿಡಿದು ಕತ್ತರಿಸುವ ಹಿಡಿಯ) ತುದಿಗೆ ಹೊಸ ನಾಝಲ್ ಹಾಕಿದರೂ ಬೇಗನೆ ತೂತು ಅಗಲವಾಗುತ್ತಿದೆ. ಕಂಪ್ರೆಸರ್ 1 ಎಚ್.ಪಿ., 50 ಲೀಟರ್ ಟ್ಯಾಂಕ್. ಮನೆಯ ಬೋರ್ಡಿನಿಂದ ಶೆಡ್ಡಿಗೆ ಸುಮಾರು 30 ಮೀಟರ್ ವೈರ್ ಎಳೆದಿದ್ದೇನೆ. 60 ಆಂಪಿಯರ್ ಯಂತ್ರ ತೆಗೆದುಕೊಂಡರೆ ಈ ತೊಂದರೆ ಇರುವುದಿಲ್ಲವೇ?

ಬಳ್ಳಾರಿ ಫ್ಯಾಬ್ರಿಕೇಟರ್:
ತಮ್ಮ, 60 ತೆಗೆದುಕೊಂಡರೆ ತೊಂದರೆಯೂ ಅರ್ಧದಷ್ಟು ಹೆಚ್ಚಾಗುತ್ತದೆ, ಅಷ್ಟೇ. 6 ಮಿ.ಮೀ.ಗೆ 30 ಆಂಪಿಯರ್ ಸಾಕು. ಯಂತ್ರದ ಮೇಲೆ ಅನುಮಾನಪಡುವ ಮೊದಲು ನಾಲ್ಕು ವಿಷಯ ನೋಡಿ ಬರೆಯಿರಿ. ಗ್ಯಾಸ್ ಚೆಕ್ ಸ್ವಿಚ್ ಹಾಕಿ ಗಾಳಿ ಹರಿಯುತ್ತಿರುವಾಗ ರೆಗ್ಯುಲೇಟರ್ ಮುಳ್ಳು ಎಲ್ಲಿ ನಿಲ್ಲುತ್ತದೆ? ಗಾಳಿ ನಿಂತಿರುವಾಗ ತೋರಿಸುವ ಒತ್ತಡಕ್ಕೆ ಬೆಲೆಯಿಲ್ಲ. ಹಾಗೆಯೇ ಆರ್ಕ್ ಇಲ್ಲದೆ, ಬರೀ ಗಾಳಿ ಬರುವಾಗ ಟಾರ್ಚಿನ ಮುಂದೆ ಬಿಳಿ ಕಾಗದ ಹಿಡಿಯಿರಿ, ತೇವದ ಚುಕ್ಕೆ ಬೀಳುತ್ತದೆಯೇ? ಕತ್ತರಿಸುತ್ತಿರುವಾಗ ಶೆಡ್ಡಿನ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್? ಆ ವೈರಿನ ದಪ್ಪವೆಷ್ಟು? ಇಷ್ಟಾದ ಮೇಲೆ ಮೇನ್ ಸ್ವಿಚ್ ಆರಿಸಿ ಟಾರ್ಚ್ ಬಿಚ್ಚಿ, ಒಳಗೆ ಆರ್ಕ್ ಹೊರಡುವ ಎಲೆಕ್ಟ್ರೋಡಿನ ಮೂತಿ ನೋಡಿ. ಮೇನ್ ಆರಿಸದೆ ಬಿಚ್ಚಬೇಡಿ, ಅಲ್ಲಿರುವುದು ವೆಲ್ಡಿಂಗ್ ಹೋಲ್ಡರಿನ ವೋಲ್ಟೇಜ್ ಅಲ್ಲ, ಅದರ ಮೂರ್ನಾಲ್ಕು ಪಟ್ಟು.

ಗಂಗಾವತಿ ವೆಲ್ಡರ್:
ನೋಡಿದೆ ಅಣ್ಣ. ಗಾಳಿ ನಿಂತಾಗ 5 ಬಾರ್ ಇದ್ದದ್ದು ಹರಿಯುವಾಗ ಮೆಲ್ಲಗೆ ಇಳಿದು 3ರ ಕೆಳಗೆ ಹೋಗುತ್ತದೆ. ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ನೀರಿನ ಚುಕ್ಕೆಗಳು. ಮನೆಯ ಬೋರ್ಡಿನಲ್ಲಿ 218 ವೋಲ್ಟ್, ಕತ್ತರಿಸುವಾಗ ಶೆಡ್ಡಿನಲ್ಲಿ 190. ವೈರ್ 1.5 ಚದರ ಮಿ.ಮೀ. ಎಲೆಕ್ಟ್ರೋಡಿನ ನಡುವೆ ಗುಳಿ ಬಿದ್ದಿದೆ, ನಾಝಲಿನ ತೂತು ದುಂಡಗಿಲ್ಲ, ಮೊಟ್ಟೆಯಾಕಾರ.

ಬಳ್ಳಾರಿ ಫ್ಯಾಬ್ರಿಕೇಟರ್:
ಹಾಗಾದರೆ ಗೆಳೆಯನ ಯಂತ್ರಕ್ಕೆ ಏನೂ ಆಗಿಲ್ಲ. ಅದು ಉಸಿರು ಕಟ್ಟಿಕೊಂಡು ಕೆಲಸ ಮಾಡುತ್ತಿದೆ.

ಗಾಳಿಯ ಲೆಕ್ಕ ನೋಡಿ. 40 ಆಂಪಿಯರ್ ಟಾರ್ಚಿಗೆ 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 170ರಿಂದ 190 ಲೀಟರ್ ಗಾಳಿ ಬೇಕು. ನಿಮ್ಮ 1 ಎಚ್.ಪಿ. ಕಂಪ್ರೆಸರ್ ನಿಜವಾಗಿ ಕೊಡುವುದು ಅದರ ಅರ್ಧಕ್ಕಿಂತ ಕಡಿಮೆ. 50 ಲೀಟರ್ ಟ್ಯಾಂಕು 8 ಬಾರಿನಿಂದ 5ಕ್ಕೆ ಇಳಿಯುವಾಗ ಹೊರಬರುವುದು 150 ಲೀಟರ್ ಮಾತ್ರ. ಎರಡೂ ಸೇರಿ ಒಂದೂವರೆ ನಿಮಿಷದ ಬಂಡವಾಳ. ಮೊದಲ ಗೆರೆ ಚೆನ್ನಾಗಿ ಬರುವುದು ಟ್ಯಾಂಕ್ ತುಂಬಿರುವುದರಿಂದ, ಎರಡನೆಯದು ಕೈಕೊಡುವುದು ಅದು ಬರಿದಾಗುವುದರಿಂದ. ಕೆಲವು ಯಂತ್ರಗಳು ಒತ್ತಡ ಇಳಿದ ಕೂಡಲೇ ತಾವೇ ನಿಲ್ಲುತ್ತವೆ, ಅಗ್ಗದವು ನಿಲ್ಲುವುದಿಲ್ಲ. ಈ ಗಾಳಿ ಬರೀ ಕರಗಿದ ಕಬ್ಬಿಣವನ್ನು ಊದುವುದಕ್ಕಲ್ಲ, ಆರ್ಕನ್ನು ನಾಝಲಿನ ಗೋಡೆಗೆ ತಾಗದಂತೆ ನಡುವೆ ಹಿಡಿದಿಡುವುದೂ ಟಾರ್ಚನ್ನು ತಣ್ಣಗಿಡುವುದೂ ಅದೇ. ಗಾಳಿ ಸೋತರೆ ಆರ್ಕ್ ಗೋಡೆಗೆ ಹೊರಳಿ ತೂತನ್ನು ತಿನ್ನುತ್ತದೆ. ನಿಮ್ಮ ಮೊಟ್ಟೆಯಾಕಾರ ಬಂದದ್ದು ಹೀಗೆ.

ಇನ್ನು ನೀರು. ಎಲೆಕ್ಟ್ರೋಡಿನ ತುದಿಯಲ್ಲಿ ಕಡಲೆ ಬೇಳೆಗಿಂತ ಚಿಕ್ಕದಾದ ಹಾಫ್ನಿಯಂ ಎಂಬ ಲೋಹದ ತುಂಡು ಕೂರಿಸಿರುತ್ತಾರೆ. ಗಾಳಿಯಲ್ಲಿ ತೇವವಿದ್ದರೆ ಅದು ಬೇಗನೆ ಸವೆಯುತ್ತದೆ. ಗುಳಿ ಒಂದೂವರೆ ಮಿ.ಮೀ. ಆಳವಾದರೆ ಬಿಸಾಡಿ, ಜಿಪುಣತನ ಮಾಡಿದರೆ ನಾಝಲನ್ನೂ ಕೊಂಡುಹೋಗುತ್ತದೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಿಮ್ಮ ಕಡೆ ಸುತ್ತಲೂ ಗದ್ದೆಯೇ, ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಕಂಪ್ರೆಸರಿನ ಮೂತಿಗೇ ಫಿಲ್ಟರ್ ಕಟ್ಟಿದರೆ ಲಾಭವಿಲ್ಲ, ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿ ಹೋಗುತ್ತದೆ. ಟ್ಯಾಂಕಿನಿಂದ ಗೋಡೆಯುದ್ದಕ್ಕೆ ಹತ್ತು ಹದಿನೈದು ಅಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮೇಲಕ್ಕೆ ಹತ್ತಿಸಿ ಕೆಳಕ್ಕೆ ಇಳಿಸಿ, ಕೆಳತುದಿಯಲ್ಲಿ ನೀರು ಬಿಡುವ ವಾಲ್ವ್ ಇಡಿ. ತಣ್ಣಗಾದ ಗಾಳಿ ನೀರನ್ನು ಅಲ್ಲೇ ಬಿಡುತ್ತದೆ. ಫಿಲ್ಟರ್ ಅದಾದ ಮೇಲೆ, ಯಂತ್ರದ ಪಕ್ಕದಲ್ಲಿ ಇರಲಿ. ಟ್ಯಾಂಕಿನ ತಳದ ನೀರನ್ನು ದಿನವೂ ಬಿಡಿ.

ಕರೆಂಟಿನದು ಸುಲಭ. ಪೂರ್ತಿ 40ರಲ್ಲಿ ಈ ಯಂತ್ರ ಎಳೆಯುವುದು 28 ಆಂಪಿಯರ್ ಆಸುಪಾಸು. 1.5ರ ತಾಮ್ರದ ವೈರಿನಲ್ಲಿ 30 ಮೀಟರ್ ಹೋಗಿ ಬರುವಷ್ಟರಲ್ಲಿ 20 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ವೈರೂ ಕಾಯುತ್ತದೆ. ಅದನ್ನು ಇವತ್ತೇ ಕಿತ್ತುಹಾಕಿ. 6 ಚದರ ಮಿ.ಮೀ. ಹಾಕಿದರೆ ನಷ್ಟ 5 ವೋಲ್ಟ್.

ಕೊಪ್ಪಳ ಗ್ಯಾಸ್ ಕಟಿಂಗ್:
ಇಷ್ಟೆಲ್ಲ ಯಾಕೆ? ಆಕ್ಸಿಜನ್, ಎಲ್‌ಪಿಜಿ ಸೆಟ್ ತಂದರೆ ಕರೆಂಟೂ ಬೇಡ, ಕಂಪ್ರೆಸರೂ ಬೇಡ. 25 ಮಿ.ಮೀ. ಪ್ಲೇಟನ್ನೂ ಕತ್ತರಿಸುತ್ತದೆ.

ಬಳ್ಳಾರಿ ಫ್ಯಾಬ್ರಿಕೇಟರ್:
12 ಮಿ.ಮೀ. ಮೇಲಿನ ಎಂಎಸ್ (ಸಾದಾ ಕಬ್ಬಿಣದ) ಪ್ಲೇಟಿಗೆ ನಿಮ್ಮ ಮಾತು ಒಪ್ಪಿದೆ, ನಾನೂ ಗ್ಯಾಸನ್ನೇ ಹಚ್ಚುತ್ತೇನೆ. ಇವರದು 3 ಮಿ.ಮೀ. ಕೆಲಸ, ಗ್ಯಾಸಿನ ಬಿಸಿಗೆ ಹಪ್ಪಳದಂತೆ ಸೊಟ್ಟಾಗುತ್ತದೆ. ನಾಳೆ ಯಾರಾದರೂ ಸ್ಟೇನ್‌ಲೆಸ್ ಸ್ಟೀಲ್ ಗೇಟ್ ಕೇಳಿದರೆ ಗ್ಯಾಸು ಕೈಕಟ್ಟಿ ನಿಲ್ಲುತ್ತದೆ.

ರಾಯಚೂರು ರಿಪೇರಿ:
ನಾನು ಇಂಥ ವೆಲ್ಡಿಂಗ್, ಕಟಿಂಗ್ ಇನ್ವರ್ಟರ್ ಯಂತ್ರಗಳ ಬೋರ್ಡ್ ರಿಪೇರಿ ಮಾಡುವವನು. ಒಂದೇ ಮಾತು. ಡಬ್ಬದ ಮೇಲೆ 40 ಆಂಪಿಯರಿಗೆ 60 ಪರ್ಸೆಂಟ್ ಡ್ಯೂಟಿ ಸೈಕಲ್ ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕತ್ತರಿಸಬಹುದು ಎಂದು ಅರ್ಥ. ಆ ಅಳತೆ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಮಾಡಿದ್ದೇ ಎಂದು ಕೇಳಿ, ಕೆಲವರು 25 ಡಿಗ್ರಿಯ ಲೆಕ್ಕ ಬರೆದಿರುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳೇ 40 ದಾಟುತ್ತದೆ, ತಗಡಿನ ಶೆಡ್ಡಿನ ಮಾತು ಬಿಡಿ. ಯಂತ್ರವನ್ನು ಗ್ರೈಂಡರ್ ಕಿಡಿ ಹಾರುವ ದಿಕ್ಕಿನಲ್ಲಿ ಇಡಬೇಡಿ. ನನ್ನ ಬಳಿಗೆ ಬರುವ ಸುಟ್ಟ ಬೋರ್ಡುಗಳ ಮೇಲೆ ಕಬ್ಬಿಣದ ಪುಡಿ ಕಪ್ಪಗೆ ಕೂತಿರುತ್ತದೆ.

ಗಂಗಾವತಿ ವೆಲ್ಡರ್:
ಅರ್ಥವಾಯಿತು. ಮನೆಯ ಪಕ್ಕದ ಪಂಪ್‌ಸೆಟ್ ಲೈನಿನಿಂದ ಮೂರು ಫೇಸ್ ತೆಗೆದುಕೊಳ್ಳಬಹುದೇ? ಯಂತ್ರ ಕೊಳ್ಳುವಾಗ ಏನು ನೋಡಲಿ?

ಬಳ್ಳಾರಿ ಫ್ಯಾಬ್ರಿಕೇಟರ್:
ಪಂಪ್‌ಸೆಟ್ ಲೈನ್ ಮುಟ್ಟಬೇಡಿ. ಅದು ಬೆಳೆಗೆ ನೀರೆತ್ತಲು ಕೊಟ್ಟ ಸಂಪರ್ಕ, ಶೆಡ್ಡಿಗೆ ಎಳೆದರೆ ಕಾನೂನುಬಾಹಿರ. ಜೆಸ್ಕಾಂ ಕಚೇರಿಯಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ, ಏಕೆಂದರೆ ಯಂತ್ರದ ಜೊತೆಗೆ ಕಂಪ್ರೆಸರೂ ಓಡುತ್ತಿರುತ್ತದೆ. ಎರಡಕ್ಕೂ ಬೇರೆ ಬೇರೆ ಎಂಸಿಬಿ ಇರಲಿ.

ಮೊದಲು ವೈರು, ಆಮೇಲೆ ಕಂಪ್ರೆಸರು, ಕೊನೆಗೆ ಯಂತ್ರ. ಕಂಪ್ರೆಸರ್ 3 ಎಚ್.ಪಿ. ಬೆಲ್ಟಿನದು ಇರಲಿ. ಅಂಗಡಿಯವರು ಪಿಸ್ಟನ್ ಲೆಕ್ಕದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಹೇಳುತ್ತಾರೆ, ನೀವು ಹೊರಬರುವ ಗಾಳಿ ಎಷ್ಟು ಎಂದೇ ಕೇಳಿ. 8 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 225 ಲೀಟರ್ ಸಿಕ್ಕರೆ ನಿಶ್ಚಿಂತೆ. ಯಂತ್ರ 40 ಆಂಪಿಯರಿನದೇ ಸಾಕು, ಆದರೆ ಪೈಲಟ್ ಆರ್ಕ್ (ಪ್ಲೇಟಿಗೆ ತಾಗಿಸದೆ ಟಾರ್ಚಿನಲ್ಲೇ ಹತ್ತುವ ಆರ್ಕ್) ಇರಲೇಬೇಕು. ಅದಿಲ್ಲದಿದ್ದರೆ ತುಕ್ಕು ಹಿಡಿದ ಕೇಜ್ ವೀಲಿನ ಮೇಲೆ ಆರ್ಕ್ ಹತ್ತಿಸುವುದರಲ್ಲೇ ನಿಮ್ಮ ತಾಳ್ಮೆ ಮುಗಿಯುತ್ತದೆ. ಡಬ್ಬದ ಮೇಲಿನ ದೊಡ್ಡ ಅಂಕಿ ಹೇಗೋ ತುಂಡಾಗುವ ದಪ್ಪ, ಅಂಚು ನೇರವಾಗಿ ಬರುವ ದಪ್ಪವನ್ನು ಬೇರೆ ಕೇಳಿ. ನಿಮ್ಮದೇ ತುಕ್ಕು ಪ್ಲೇಟನ್ನು ಅಂಗಡಿಗೆ ಕೊಂಡುಹೋಗಿ ಕತ್ತರಿಸಿ ನೋಡಿ. ಆ ಟಾರ್ಚಿನ ನಾಝಲ್, ಎಲೆಕ್ಟ್ರೋಡ್ ಅಲ್ಲೇ ಸ್ಟಾಕ್ ಇಲ್ಲದಿದ್ದರೆ ಯಂತ್ರ ಎಷ್ಟೇ ಅಗ್ಗವಾಗಿರಲಿ, ಬೇಡ.

ಗಂಗಾವತಿ ವೆಲ್ಡರ್:
ಸದ್ಯಕ್ಕೆ ವೈರ್ ಬದಲಿಸಿ, ಯಂತ್ರವನ್ನು 30ಕ್ಕೆ ಇಳಿಸಿ, ಪ್ರತಿ ಗೆರೆಗೂ ಟ್ಯಾಂಕ್ ತುಂಬಿಸಿಕೊಂಡು ನೋಡಿದೆ. ಆರ್ಕ್ ನಿಲ್ಲುತ್ತಿಲ್ಲ. ಆದರೆ ಕೆಳಗಡೆ ದಪ್ಪ ಸ್ಲ್ಯಾಗ್ (ಕರಗಿ ಗಟ್ಟಿಯಾದ ಕಿಟ್ಟ) ಕೂರುತ್ತದೆ.

ಬಳ್ಳಾರಿ ಫ್ಯಾಬ್ರಿಕೇಟರ್:
ಸುತ್ತಿಗೆ ತಾಗಿಸಿದರೆ ಉದುರುವ ಉಬ್ಬಿದ ಸ್ಲ್ಯಾಗ್ ಆದರೆ ಕೈ ನಿಧಾನವಾಗಿದೆ. ಸಣ್ಣಗೆ, ಗಟ್ಟಿಯಾಗಿ ಅಂಟಿದ್ದರೆ ವೇಗ ಹೆಚ್ಚಾಗಿದೆ. ಪ್ಲೇಟಿನ ಕೆಳಗೆ ಕಿಡಿ ಸ್ವಲ್ಪ ಹಿಂದಕ್ಕೆ ಓರೆಯಾಗಿ ಬೀಳುತ್ತಿದ್ದರೆ ವೇಗ ಸರಿ. ಕತ್ತರಿಸಿದ ಅಂಚನ್ನು ವೆಲ್ಡ್ ಮಾಡುವ ಮೊದಲು ಗ್ರೈಂಡರಿನಲ್ಲಿ ಒಮ್ಮೆ ಉಜ್ಜಿ, ಗಾಳಿಯ ನೈಟ್ರೋಜನ್ ಅಂಚಿಗೆ ಸೇರಿ ವೆಲ್ಡಿನಲ್ಲಿ ರಂಧ್ರ ಬೀಳಿಸುತ್ತದೆ. ಕಣ್ಣಿಗೆ 5ನೇ ಶೇಡಿನ ಗಾಜು ಇರಲಿ, ಬರೀ ತಂಪು ಕನ್ನಡಕ ನಡೆಯುವುದಿಲ್ಲ. ಜಿಐ ಶೀಟ್ ಕತ್ತರಿಸುವ ದಿನ ಶೆಡ್ಡಿನ ಹೊರಗೆ ಬನ್ನಿ, ಆ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.