ಆಡಿಯೋಗ್ರಾಂ (ಕಿವಿ ಪರೀಕ್ಷೆಯ ಗ್ರಾಫು) ಮಾಡದೆ ಕಿವಿಗೆ ಡಿಸೆಬಿಲಿಟಿ ಪರ್ಸೆಂಟ್ ಹಾಕಬಹುದಾ?

ಗನ್ನರ್_ದಾವಣಗೆರೆ:
ಎಲ್ಲರಿಗೂ ಜೈ ಹಿಂದ್. ಆರ್ಟಿಲರಿಯಿಂದ ಹವಾಲ್ದಾರ್ ಆಗಿ ಈ ವರ್ಷ ರಿಟೈರ್ ಆದೆ. ಸರ್ವೀಸ್ ಪೂರ್ತಿ ಬೋಫೋರ್ಸ್ ಗನ್ ಪಕ್ಕದಲ್ಲೇ ಕಳೆಯಿತು. ಎಷ್ಟೋ ಸಲ ಕಿವಿಗೆ ಬರೀ ಹತ್ತಿ. ಈಗ ಗಂಡಸರ ಮಾತು ಹೇಗೋ ಕೇಳುತ್ತದೆ, ಮಗಳ ಮಾತು, ಕುಕ್ಕರ್ ಸೀಟಿ ಕೇಳಲ್ಲ. ರಾತ್ರಿಯಿಡೀ ಕಿವಿಯೊಳಗೆ ಗುಂಯ್ ಅನ್ನುತ್ತದೆ.

ರಿಲೀಸ್ ಮೆಡಿಕಲ್ ಬೋರ್ಡಿನಲ್ಲಿ (ರಿಟೈರ್ ಆಗುವಾಗಿನ ಮೆಡಿಕಲ್) ಡಾಕ್ಟರು ಹಿಂದೆ ನಿಂತು ಪಿಸುದನಿಯಲ್ಲಿ ಒಂದಷ್ಟು ನಂಬರ್ ಹೇಳಿದರು, ನಾನು ತಿರುಗಿ ಹೇಳಿದೆ. ತಲೆ ಮೇಲೆ ಫ್ಯಾನ್ ಕಟಕಟ. ಅಷ್ಟೇ ಪರೀಕ್ಷೆ! ಯಾವ ಗನ್ನು, ಎಷ್ಟು ವರ್ಷ ಅಂತ ಕೇಳಲೇ ಇಲ್ಲ. ಪೇಪರಿನಲ್ಲಿ ಡಿಸೆಬಿಲಿಟಿ 15-19 ಪರ್ಸೆಂಟ್, ಅದು ಸರ್ವೀಸಿನಿಂದ ಬಂದದ್ದೂ ಅಲ್ಲ, ಜಾಸ್ತಿಯಾದದ್ದೂ ಅಲ್ಲ. ಕಾರಣದ ಜಾಗದಲ್ಲಿ ‘ಪೀಸ್ ಏರಿಯಾದಲ್ಲಿ ಶುರುವಾಗಿದೆ’ ಅಂತ, ಅಂದರೆ ಕಾರ್ಯಾಚರಣೆ ಇಲ್ಲದ ಜಾಗದಲ್ಲಿ ಅಂತ, ಒಂದೇ ಸಾಲು. ಫೈರಿಂಗ್ ರೇಂಜ್ ಇರೋದು ಪೀಸ್ ಏರಿಯಾದಲ್ಲೇ ಅಲ್ವಾ? ಡಿಸೆಬಿಲಿಟಿ ಪೆನ್ಷನ್ ಕ್ಲೇಮ್ ರಿಜೆಕ್ಟ್ ಆಗಿದೆ. ಅಪೀಲಿನಲ್ಲಿ ಏನು ಬರೆಯಲಿ?

ಮಾಜಿ ಸುಬೇದಾರ್, ಹೊಳಲ್ಕೆರೆ:
ಸಿಟ್ಟನ್ನೆಲ್ಲ ಅಪೀಲಿಗೆ ಸುರಿಯಬೇಡಿ, ಯಾರೂ ಓದಲ್ಲ. ಮೊದಲು ಆರ್‌ಟಿಐ ಹಾಕಿ ಬೋರ್ಡಿನ ಪೂರ್ತಿ ಕಾಗದ, ಭರ್ತಿ ದಿನದ ಮೆಡಿಕಲ್ ತರಿಸಿ. ಭರ್ತಿಯಾಗುವಾಗ ಕಿವಿ ಸರಿ ಇತ್ತು ಅಂತ ಇದ್ದರೆ ಅದೇ ನಿಮ್ಮ ಬಲ. 2013ರ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ: ಸೇರುವಾಗ ರೋಗದ ದಾಖಲೆ ಇಲ್ಲದಿದ್ದರೆ ಸರ್ವೀಸಿನಿಂದ ಬಂದಿದ್ದು ಅಂತಲೇ ಹಿಡಿಯಬೇಕು, ಅಲ್ಲ ಅನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು. ಆದರೆ ಅದು ಹಳೇ ರೂಲ್ಸಿನ ಕೇಸು. 2023ರ ಸೆಪ್ಟೆಂಬರ್ 21ರಿಂದ ಹೊಸ ರೂಲ್ಸ್ ಬಂದಿವೆ, ನಿಮಗೆ ಅವೇ ಹಚ್ಚುತ್ತಾರೆ. ಒಬ್ಬ ವಕೀಲರಿಗೆ ತೋರಿಸಿ.

ಆಡಿಯಾಲಜಿಸ್ಟ್, ಚಿತ್ರದುರ್ಗ:
ಸರ್, ಪಿಸುದನಿ ಪರೀಕ್ಷೆ ಬರೀ ಸ್ಕ್ರೀನಿಂಗ್. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಹೋಗಿದೆ ಅಂತ ಅದರಿಂದ ತಿಳಿಯಲ್ಲ. ಸದ್ದಿನಿಂದ ಕೆಟ್ಟ ಕಿವಿಯ ಗ್ರಾಫು ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ ಗುಂಡಿ ಬಿದ್ದ ಹಾಗೆ ಇಳಿಯುತ್ತದೆ. ಹೆಣ್ಣುಮಕ್ಕಳ ಧ್ವನಿ, ಸೀಟಿ ಕೇಳದಿರುವುದಕ್ಕೂ ಇದು ಹೊಂದುತ್ತದೆ. ಸೌಂಡ್‌ಪ್ರೂಫ್ ಕೋಣೆಯಲ್ಲಿ ಪ್ಯೂರ್ ಟೋನ್ ಆಡಿಯೋಮೆಟ್ರಿ (ಒಂದೊಂದೇ ಫ್ರೀಕ್ವೆನ್ಸಿಯ ಸದ್ದು ಕೇಳಿಸಿ ಅಳೆಯುವ ಪರೀಕ್ಷೆ) ಮಾಡಿಸಿ, ಅದರ ಗ್ರಾಫನ್ನೇ ಲಗತ್ತಿಸಿ.

ಫೌಜಿ_ಹೊಸದುರ್ಗ:
ಪರ್ಸೆಂಟನ್ನೂ ಪ್ರಶ್ನಿಸಿ, ಅದನ್ನು ಬಿಡಬೇಡಿ ಅಣ್ಣ. ಟರ್ಮ್ ಮುಗಿಸಿ ಬಂದವರಿಗೆ 20 ಪರ್ಸೆಂಟ್ ಇಲ್ಲದಿದ್ದರೆ ಡಿಸೆಬಿಲಿಟಿ ದುಡ್ಡೇ ಇಲ್ಲ. 19ಕ್ಕೆ ನಿಲ್ಲಿಸಿದ್ದು ನೋಡಿ! ಆಡಿಯೋಗ್ರಾಂ ಇಲ್ಲದೆ 19 ಎಲ್ಲಿಂದ ಬಂತು ಅಂತ ಒಂದೇ ಸಾಲು ಕೇಳಿ, ಅಪೀಲ್ ಮೆಡಿಕಲ್ ಬೋರ್ಡಿನಿಂದ ಮರುಪರೀಕ್ಷೆ ಆಗಲಿ ಅಂತ ಬರೆಯಿರಿ.

ಗನ್ನರ್_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಅದೇ ಗನ್ನಿನಲ್ಲಿ ಜೊತೆಗಿದ್ದವರೊಬ್ಬರು ಹಿರಿಯೂರಿನಲ್ಲಿದ್ದಾರೆ. ಅವರಿಂದ ಅಫಿಡವಿಟ್ ಮಾಡಿಸಿದರೆ ನಡೆಯುತ್ತಾ?

ಮಾಜಿ ಸುಬೇದಾರ್, ಹೊಳಲ್ಕೆರೆ:
ಇರಲಿ, ತೊಂದರೆ ಇಲ್ಲ. ಆದರೆ ಯಾವ ಯೂನಿಟ್, ಯಾವ ಟ್ರೇಡ್ ಅನ್ನೋ ಸರ್ವೀಸ್ ರೆಕಾರ್ಡೇ ಜಾಸ್ತಿ ಗಟ್ಟಿ.